ಸ್ಕೇಲ್ ಅಭ್ಯಾಸ ಬೇಜಾರಾಗದಂತೆ ಮಾಡೋದು ಹೇಗೆ? (ಪಿಯಾನೊ, ಕೀಬೋರ್ಡ್ ಎರಡಕ್ಕೂ)

ಬಿಳಿಕೀ:
ಸಿ, ಜಿ, ಡಿ, ಎಫ್ ಮೇಜರ್ ಸ್ಕೇಲ್ (ಸ್ವರಗಳನ್ನ ಸಾಲಾಗಿ ಏರಿ ಇಳಿಯೋದು) ಎರಡು ಆಕ್ಟೇವ್ (ಒಂದು ಸಿಯಿಂದ ಮುಂದಿನ ಸಿವರೆಗೆ ಒಂದು ಆಕ್ಟೇವ್), ಎರಡೂ ಕೈ ಸೇರಿಸಿ ತಡವರಿಸದೆ ಬರುತ್ತೆ ಅಂತ ಇಟ್ಕೊಳ್ಳಿ. ಬಹಳ ಜನ ಅಲ್ಲಿಗೇ ನಿಂತುಬಿಡ್ತಾರೆ. ದಿನಾ ಅದೇ ಏರೋದು, ಅದೇ ಇಳಿಯೋದು. ವಾರದೊಳಗೆ ಕೈ ತನ್ನ ಪಾಡಿಗೆ ಓಡ್ತಿರುತ್ತೆ, ತಲೆ ಇನ್ನೆಲ್ಲೋ ಇರುತ್ತೆ. ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುವ, ನಾಳೆಯೂ ಕೂರಬೇಕು ಅನ್ನಿಸುವಂಥ ಉಪಾಯಗಳು ಇದ್ದರೆ ಇಲ್ಲಿ ಹಾಕಿ. "ಮೆಟ್ರೊನೋಮ್ ಹಾಕಿ, ದಿನಾ ಸ್ವಲ್ಪ ವೇಗ ಏರಿಸಿ" ಅನ್ನೋದೊಂದು ಬೇಡ (ಮೆಟ್ರೊನೋಮ್ ಅಂದ್ರೆ ಟಿಕ್ ಟಿಕ್ ಅಂತ ಬೀಟ್ ಕೊಡೋ ಸಾಧನ), ಅದು ಎಲ್ಲರಿಗೂ ಗೊತ್ತು. ಬೆರಳಿನ ಅಂಕಿ ಬರೆಯುವಾಗ ಎರಡೂ ಕೈಗೆ ಹೆಬ್ಬೆರಳು 1, ಕಿರುಬೆರಳು 5.

ಮಂದ್ರ_ತಾರ:
ಕೈಗೆ ಕೆಲಸ ಇದೆ, ಕಿವಿಗೆ ಇಲ್ಲ. ಬೇಜಾರಿನ ಮೂಲ ಅಷ್ಟೇ. ಇಪ್ಪತ್ತು ಸಲ ನುಡಿಸಿದರೂ ಕಿವಿ ಒಂದೇ ಒಂದು ಪ್ರಶ್ನೆ ಕೇಳಿರೋದಿಲ್ಲ. ಹಾಗಾಗಿ ಪ್ರತಿ ಸಲ ಶುರು ಮಾಡೋ ಮುಂಚೆ ಒಂದು ಪ್ರಶ್ನೆ ಇಟ್ಕೊಳ್ಳಿ, ಒಂದೇ. ಹೆಬ್ಬೆರಳು ಒತ್ತಿದ ಸ್ವರ ಪಕ್ಕದ್ದಕ್ಕಿಂತ ಜೋರಾಯ್ತಾ? ಎಡಗೈ ಕೂದಲೆಳೆಯಷ್ಟು ಹಿಂದೆ ಬಿತ್ತಾ? ತುದಿ ಮುಟ್ಟಿ ತಿರುಗುವಾಗ ಗತಿ ಓಡ್ತಾ? ನುಡಿಸಿ ಮುಗಿಸಿದ ಮೇಲೆ ಹೌದು ಅಥವಾ ಇಲ್ಲ ಅಂತ ಬಾಯಿಬಿಟ್ಟು ಹೇಳಿ. ಉತ್ತರ ಗೊತ್ತಾಗಲಿಲ್ಲ ಅಂದ್ರೆ ನೀವು ಕೇಳಿಸಿಕೊಂಡಿಲ್ಲ ಅಂತ ಅರ್ಥ, ಆ ಸಲ ಲೆಕ್ಕಕ್ಕಿಲ್ಲ.

ಇನ್ನು ಆಟದ ವಿಷಯ. ಮೆಟ್ರೊನೋಮ್ ಬೇಡ ಅಂದಿರಿ, ಆದರೂ ಅದನ್ನ ನಿಮಿಷಕ್ಕೆ 60 ಬೀಟಿಗೆ ಇಟ್ಟು ಮುಟ್ಟದೆ ಬಿಟ್ಟುಬಿಡಿ. ಸಿ ಮೇಜರ್ ಒಂದು ಆಕ್ಟೇವ್, ಬೀಟಿಗೆ ಒಂದು ಸ್ವರ. ತಕ್ಷಣ ಎರಡು ಆಕ್ಟೇವ್, ಬೀಟಿಗೆ ಎರಡು. ಆಮೇಲೆ ಮೂರು ಆಕ್ಟೇವ್, ಬೀಟಿಗೆ ಮೂರು. ಕೊನೆಗೆ ನಾಲ್ಕು ಆಕ್ಟೇವ್, ಬೀಟಿಗೆ ನಾಲ್ಕು. ಒಂದು ಆಕ್ಟೇವ್ ಅಂದ್ರೆ ಏಳು ಹೆಜ್ಜೆ; ಎರಡಕ್ಕೆ 14, ಮೂರಕ್ಕೆ 21, ನಾಲ್ಕಕ್ಕೆ 28. ಭಾಗಿಸಿ ನೋಡಿ, ಎಲ್ಲದಕ್ಕೂ ಏಳೇ ಬೀಟ್. ಯಾವುದನ್ನು ನುಡಿಸಿದರೂ ಮೇಲಿನ ಸಿ ಎಂಟನೇ ಬೀಟಿನ ಮೇಲೇ ಬಂದು ಕೂರಬೇಕು. ಕೂರಲಿಲ್ಲ ಅಂದ್ರೆ ತಪ್ಪು ಎಲ್ಲಾಯ್ತು ಅಂತ ಯಾರೂ ಹೇಳಬೇಕಾಗಿಲ್ಲ. ನಾಲ್ಕು ಮೆಟ್ಟಿಲನ್ನೂ ನಿಲ್ಲಿಸದೆ ಏರಿ ಇಳಿದರೆ ಒಂದು ಸುತ್ತು. ವೇಗ ಏರಿಸುವ ಕೆಲಸವನ್ನ ಮೆಟ್ರೊನೋಮ್ ಮಾಡ್ತಿಲ್ಲ, ನಡೆ (ಬೀಟಿಗೆ ಎಷ್ಟು ಸ್ವರ ಅನ್ನೋದು) ಮಾಡ್ತಿದೆ.

ಲಯದ ಹುಳು:
ಮೇಲಿನದ್ದು ಒಳ್ಳೆಯದು, ಆದರೆ ಮೂರರ ಮೆಟ್ಟಿಲಲ್ಲಿ ಬಹಳ ಜನ ಎಡವುತ್ತಾರೆ. ತಿಶ್ರ (ಮೂರರ ನಡೆ) ಅಂತ ಶುರು ಮಾಡಿ, ಎರಡನೇ ಆಕ್ಟೇವಿನಲ್ಲಿ ತಮಗೇ ಗೊತ್ತಿಲ್ಲದೆ ನಾಲ್ಕರ ನಡೆಗೆ ಜಾರಿರ್ತಾರೆ. ಕಾರಣ ಬೆರಳಲ್ಲಿದೆ. ಬಲಗೈಯ ಬೆರಳುಗಳು 1-2-3, 1-2-3-4 ಅಂತ ಗುಂಪುಗಟ್ಟಿರುತ್ತವೆ, ಹೆಬ್ಬೆರಳು ಬಂದಾಗಲೆಲ್ಲ ಕೈ ಅದನ್ನೇ ಒತ್ತು ಅಂದುಕೊಳ್ಳುತ್ತೆ. ತಾಳಕ್ಕೂ ಆ ಗುಂಪಿಗೂ ಸಂಬಂಧವೇ ಇಲ್ಲ.

ಒತ್ತು ಎಲ್ಲಿ ಬೀಳಬೇಕು ಅಂತ ಮೊದಲೇ ಗೊತ್ತಿದ್ದರೆ ಜಾರೋದಿಲ್ಲ. ಸಿ ಮೇಜರ್ ಮೂರು ಆಕ್ಟೇವ್, ಬೀಟಿಗೆ ಮೂರು ಸ್ವರ: ಒತ್ತು ಬೀಳೋ ಸ್ವರಗಳು ಸಿ, ಎಫ್, ಬಿ, ಇ, ಎ, ಡಿ, ಜಿ, ಸಿ. ಬಲಗೈಯಲ್ಲಿ ಆ ಬೆರಳುಗಳು 1, 1, 4, 3, 3, 2, 2, ಕೊನೆಗೆ 5. ನಾಲ್ಕು ಆಕ್ಟೇವ್, ಬೀಟಿಗೆ ನಾಲ್ಕು: ಸಿ, ಜಿ, ಡಿ, ಎ, ಇ, ಬಿ, ಎಫ್, ಸಿ. ಬೆರಳು 1, 2, 2, 3, 3, 4, 1, 5. ಎರಡರಲ್ಲೂ ಏಳು ಸ್ವರಕ್ಕೂ ಒಂದೊಂದು ಸಲ ಒತ್ತು ಸಿಕ್ಕೇ ಸಿಗುತ್ತೆ. ಎರಡನೇ ಪಟ್ಟಿಯನ್ನ ಹಿಂದಿನಿಂದ ಓದಿದರೆ ಮೊದಲನೆಯದು ಬರುತ್ತೆ, ಅದೊಂದು ತಮಾಷೆ.

ಗಮನ ಕೊಡಬೇಕಾದ್ದು ನಾಲ್ಕನೇ ಬೆರಳು ಬಿ ಮೇಲೆ ಒತ್ತು ಕೊಡೋ ಜಾಗ. ಉಂಗುರದ ಬೆರಳಿಗೆ ಅಲ್ಲಿ ಬಲ ಸಾಲದೆ ಒತ್ತು ಮುಂದಿನ ಹೆಬ್ಬೆರಳಿಗೆ ಜಾರುತ್ತೆ, ನಡೆ ಕೆಡುತ್ತೆ. ಬೆರಳನ್ನ ಎತ್ತಿ ಹೊಡೆಯಬೇಡಿ. ಮಣಿಕಟ್ಟನ್ನ ಕೊಂಚ ಕಿರುಬೆರಳಿನ ಕಡೆ ಸರಿಸಿ, ತೋಳಿನ ಭಾರ ಆ ಬೆರಳ ಹಿಂದೆ ಬರುವ ಹಾಗೆ ಮಾಡಿ.

ಎಡಗೈ ಮೊದಲು:
ಎಲ್ಲರೂ ಬಲಗೈಗೇ ಬರೀತಾರೆ. ಸ್ಕೇಲ್ ಕೆಡೋದು ಎಡಗೈಯಲ್ಲಿ, ಅದೂ ಎರಡನೇ ಆಕ್ಟೇವ್ ಶುರುವಾಗುವಲ್ಲಿ.

ಸಿ ಮೇಜರ್ ಏರುವಾಗ ಎಡಗೈ 5-4-3-2-1, ಮೂರನೇ ಬೆರಳು ದಾಟಿ ಎ ಮೇಲೆ, 3-2-1. ಈಗ ಹೆಬ್ಬೆರಳು ನಡುವಿನ ಸಿ ಮೇಲಿದೆ. ಇಲ್ಲಿಂದ ದಾಟಬೇಕಾದ್ದು ನಾಲ್ಕನೇ ಬೆರಳು, ಡಿ ಮೇಲೆ. ಮೂರನೆಯದನ್ನ ಇಟ್ಟರೆ ಡಿ 3, ಇ 2, ಎಫ್ 1 ಆಗಿ ಹೆಬ್ಬೆರಳು ಒಂದು ಸ್ವರ ಮೊದಲೇ ಖರ್ಚಾಗಿಬಿಡುತ್ತೆ, ಜಿ ಮೇಲೆ ಗಲಿಬಿಲಿ. ತಪ್ಪು ಕಾಣಿಸೋದು ಜಿ ಹತ್ತಿರ, ಆದದ್ದು ಡಿ ಹತ್ತಿರ. ಅದಕ್ಕೇ ಜಿ ಹತ್ತಿರ ಹತ್ತು ಸಲ ತಿದ್ದಿದರೂ ಸರಿಹೋಗೋದಿಲ್ಲ.

ಪರೀಕ್ಷೆಗೆ ಒಂದು ಗುರುತು: ಸಿ, ಜಿ, ಡಿ, ಎ, ಇ ಮೇಜರ್ ಐದರಲ್ಲೂ ಎರಡು ಕೈಯ ಮೂರನೇ ಬೆರಳುಗಳು ಸ್ಕೇಲಿನ ಮೂರನೇ ಮತ್ತು ಆರನೇ ಸ್ವರದ ಮೇಲೆ ಒಟ್ಟಿಗೆ ಬೀಳುತ್ತವೆ. ಸಿ ಮೇಜರಿನಲ್ಲಿ ಇ ಮತ್ತು ಎ. ಆ ಎರಡು ಜಾಗದಲ್ಲಿ ಮಾತ್ರ ನಿಂತು "ಮೂರು" ಅಂತ ಹೇಳ್ತಾ ನುಡಿಸಿ. ಮಕ್ಕಳಿಗೆ ಇದು ಆಟ, ದೊಡ್ಡವರಿಗೆ ಇದು ರೋಗ ಪತ್ತೆ.

ಇನ್ನೊಂದು, ಸ್ವರಗಳನ್ನ ಗುಂಪಾಗಿ ಒಟ್ಟಿಗೆ ಒತ್ತೋದು. ಬಲಗೈ: ಸಿ-ಡಿ-ಇ ಮೂರನ್ನೂ ಒಮ್ಮೆಲೇ, ಆಮೇಲೆ ಎಫ್-ಜಿ-ಎ-ಬಿ ನಾಲ್ಕನ್ನೂ ಒಮ್ಮೆಲೇ, ಮತ್ತೆ ಮೇಲಿನ ಸಿ-ಡಿ-ಇ. ಎಡಗೈ: ಸಿಯಿಂದ ಜಿವರೆಗೆ ಐದು, ಎ-ಬಿ-ಸಿ ಮೂರು, ಡಿಯಿಂದ ಜಿವರೆಗೆ ನಾಲ್ಕು, ಎ-ಬಿ-ಸಿ ಮೂರು. ಪಾತ್ರೆ ಬಿದ್ದ ಹಾಗೆ ಕೇಳುತ್ತೆ, ಪರವಾಗಿಲ್ಲ, ಮನೆಯವರಿಗೆ ಮೊದಲೇ ಹೇಳಿಡಿ. ಒಂದು ಗುಂಪಿನಿಂದ ಇನ್ನೊಂದಕ್ಕೆ ಕೈ ಇಡಿಯಾಗಿ ಸರಿಯೋದನ್ನ ಕಲಿಸೋದಕ್ಕೆ ಇದಕ್ಕಿಂತ ನೇರವಾದ ದಾರಿ ಇಲ್ಲ. ವೇಗದಲ್ಲಿ ಹೆಬ್ಬೆರಳು ಅಂಗೈ ಕೆಳಗೆ ಪೂರ್ತಿ ನುಸುಳಿ ಹೋಗೋದಕ್ಕೆ ಸಮಯವೇ ಇರೋದಿಲ್ಲ. ಕೈಯೇ ಪಕ್ಕಕ್ಕೆ ಸರಿದು ಹೆಬ್ಬೆರಳನ್ನ ಅಲ್ಲಿಗೆ ತಲುಪಿಸಬೇಕು.

ಬಿಳಿಕೀ:
ಹೆಬ್ಬೆರಳು "ಧಡ್" ಅಂತ ಬೀಳೋದು ಯಾಕೆ, ಅದಕ್ಕೆ ಏನು ಮಾಡೋದು? ಪ್ರಶ್ನೆ ಇಟ್ಕೊಂಡು ಕೇಳಿದರೆ ಪ್ರತಿ ಸಲ "ಹೌದು, ಜೋರಾಯ್ತು" ಅಂತಲೇ ಉತ್ತರ ಬರುತ್ತೆ.

ಎಡಗೈ ಮೊದಲು:
ತಡವಾಗಿ ಹೊರಡೋದರಿಂದ. ಸಿ ಬಿಟ್ಟ ಹೆಬ್ಬೆರಳು ಡಿ ನುಡಿಯೋ ಹೊತ್ತಿಗೇ ಎಫ್ ಕಡೆ ಹೊರಟಿರಬೇಕು. ಇ ಮುಗಿಯೋವರೆಗೆ ಕಾದು ಆಮೇಲೆ ಹಾರಿದರೆ ಮೊಣಕೈ ಎದ್ದು, ಮಣಿಕಟ್ಟು ಕುಸಿದು, ಇಡೀ ತೋಳಿನ ಭಾರ ಆ ಒಂದು ಕೀ ಮೇಲೆ ಬೀಳುತ್ತೆ. ನಿಧಾನವಾಗಿ ಸಿ-ಡಿ-ಇ ನುಡಿಸಿ ಇ ಮೇಲೆ ನಿಲ್ಲಿ, ಕೈ ಅಲ್ಲಾಡಿಸದೆ ನೋಡಿ: ಹೆಬ್ಬೆರಳು ಈಗಾಗಲೇ ಎಫ್ ಮೇಲ್ಮೈಯನ್ನ ಮುಟ್ಟಿ ಕಾಯ್ತಾ ಇದೆಯಾ? ಇದ್ದರೆ ಶಬ್ದ ಆಗೋದಿಲ್ಲ. ಹೆಬ್ಬೆರಳು ತುದಿಯ ಪಕ್ಕ, ಉಗುರಿನ ಅಂಚು, ಅಷ್ಟೇ ಕೀ ಮುಟ್ಟಬೇಕು; ಗೆಣ್ಣಿನವರೆಗೆ ಮಲಗಿಸಬಾರದು.

ಕಪ್ಪು ಐದು:
ಸಿ ಮೇಜರಿನಲ್ಲೇ ವರ್ಷಗಟ್ಟಲೆ ಕೂರಿಸೋದೇ ಬೇಜಾರಿಗೆ ಅರ್ಧ ಕಾರಣ ಅಂತ ನನ್ನ ವಾದ. ಓದೋದಕ್ಕೆ ಅದು ಸುಲಭ, ಕೈಗೆ ಅದೇ ಕಷ್ಟ. ಎಲ್ಲಾ ಕೀ ಒಂದೇ ಮಟ್ಟದಲ್ಲಿ, ಬೆರಳಿಗೆ ಹಿಡಿಯೋದಕ್ಕೆ ಗುರುತೇ ಇಲ್ಲ. ಪಿಯಾನೊ ಸಂಗೀತ ರಚನಕಾರ ಶೋಪ್ಯಾಂ ತನ್ನ ಶಿಷ್ಯರಿಗೆ ಬಿ ಮೇಜರಿನಿಂದ ಶುರು ಮಾಡಿಸ್ತಿದ್ದ, ಸಿ ಮೇಜರನ್ನ ಕೊನೆಗೆ ಇಟ್ಟಿದ್ದ. ಉದ್ದದ ಮೂರು ಬೆರಳು ಕಪ್ಪು ಕೀಗಳ ಮೇಲೆ, ಗಿಡ್ಡನೆಯ ಹೆಬ್ಬೆರಳು ಬಿಳಿ ಕೀ ಮೇಲೆ. ಕೈ ಹೇಗಿದೆಯೋ ಹಾಗೇ ಕೂರುತ್ತೆ.

ನೆನಪಿಡಬೇಕಾದ್ದು ಇಷ್ಟು: ಎರಡು ಕಪ್ಪು ಕೀ ಇರುವ ಕಡೆ ಬೆರಳು 2, 3. ಮೂರು ಇರುವ ಕಡೆ 2, 3, 4. ನಡುವಿನ ಬಿಳಿ ಕೀಗೆ ಹೆಬ್ಬೆರಳು. ಎರಡೂ ಕೈಗೂ ಇದೇ, ಎಡಗೈಯಲ್ಲಿ ಕ್ರಮ ತಿರುವುಮುರುವು ಅಷ್ಟೇ. ಬಿ, ಜಿ ಫ್ಲ್ಯಾಟ್, ಡಿ ಫ್ಲ್ಯಾಟ್ (ಫ್ಲ್ಯಾಟ್ ಅಂದ್ರೆ ಆ ಸ್ವರದ ಎಡಕ್ಕೆ ಅಂಟಿರೋ ಕೀ) ಮೇಜರ್ ಮೂರರಲ್ಲೂ ಐದೂ ಕಪ್ಪು ಕೀ ಇವೆ, ಬಿಳಿ ಎರಡೇ, ಆ ಎರಡರ ಮೇಲೂ ಎರಡೂ ಕೈಯ ಹೆಬ್ಬೆರಳು ಜೊತೆಗೇ ಬರುತ್ತೆ. (ಸ್ಕೇಲ್ ಶುರು ಮತ್ತು ಕೊನೆಯ ಸ್ವರದಲ್ಲಿ ಮಾತ್ರ ಒಂದೊಂದು ಕಡೆ ಬೇರೆ ಬೆರಳು. ಬಿ ಮೇಜರಿನಲ್ಲಿ ಎಡಗೈ 4ರಿಂದ ಹೊರಡುತ್ತೆ.)

ಈಗ ಸರಪಳಿ ಆಟ. ಬಿ ಮೇಜರಿನ ಬಿಳಿ ಕೀಗಳು ಬಿ ಮತ್ತು ಇ. ಇ ಬಿಟ್ಟು ಪಕ್ಕದ ಎಫ್ ಹಿಡಿದರೆ ಜಿ ಫ್ಲ್ಯಾಟ್ ಮೇಜರ್ ಆಯ್ತು. ಅದರಲ್ಲಿ ಬಿ ಬಿಟ್ಟು ಪಕ್ಕದ ಸಿ ಹಿಡಿದರೆ ಡಿ ಫ್ಲ್ಯಾಟ್ ಮೇಜರ್. ಕಪ್ಪು ಕೀ ಯಾವುದೂ ಬದಲಾಗಿಲ್ಲ, ಹೆಬ್ಬೆರಳು ಒಂದು ಸಲಕ್ಕೆ ಒಂದು ಕೀ ಪಕ್ಕಕ್ಕೆ ಸರಿದಿದೆ. ಮೂರನ್ನೂ ಉಸಿರು ಬಿಡದೆ ಒಂದರ ಹಿಂದೆ ಒಂದು ನುಡಿಸಿ. "ಆರು ಫ್ಲ್ಯಾಟ್ ಇದೆ" ಅಂತ ಕಾಗದದ ಮೇಲೆ ನೋಡಿ ಹೆದರಿದವರು ಕಣ್ಣು ಮುಚ್ಚಿಕೊಂಡು ನುಡಿಸಬಲ್ಲರು. ಉತ್ಪ್ರೇಕ್ಷೆ ಅಲ್ಲ, ಈ ಮೂರನ್ನ ಕಣ್ಣು ಮುಚ್ಚಿ ಕಲಿಯೋದೇ ಸುಲಭ.

ಚೀಟಿ ಎತ್ತು:
ಯಾವ ಸ್ಕೇಲ್ ಅನ್ನೋದನ್ನ ನೀವೇ ಆರಿಸಬೇಡಿ, ಸುಲಭದ್ದನ್ನೇ ಆರಿಸ್ತೀರಿ. ಎರಡು ದಾಳ ಉರುಳಿಸಿ, ಬಂದ ಮೊತ್ತಕ್ಕೆ ಒಂದು ಸ್ಕೇಲ್. ಇನ್ನೊಂದು ದಾಳಕ್ಕೆ ರೀತಿ: 1 ಬಂದರೆ ಮೆಲ್ಲಗೆ, 2 ಜೋರಾಗಿ, 3 ಬಿಡಿಬಿಡಿಯಾಗಿ, 4 ಒಂದು ಕೈ ಬಿಡಿಬಿಡಿಯಾಗಿ ಇನ್ನೊಂದು ಕೈ ಸ್ವರಗಳನ್ನ ಕೂಡಿಸಿ, 5 ಏರುವಾಗ ಮೆಲ್ಲಗಿಂದ ಜೋರಿಗೆ, 6 ಕಣ್ಣು ಮುಚ್ಚಿ. ದಿನಕ್ಕೆ ಐದು ಎಸೆತ ಸಾಕು.

ಲಯದ ಹುಳು:
ಲೆಕ್ಕ ಸರಿಯಿಲ್ಲ. ಎರಡು ದಾಳದಲ್ಲಿ 1 ಬರೋದೇ ಇಲ್ಲ, 2ರಿಂದ 12ರವರೆಗೆ ಹನ್ನೊಂದೇ ಮೊತ್ತ. ಹನ್ನೆರಡು ಸ್ಕೇಲಿಗೆ ಒಂದು ಕಡಿಮೆ. ಮೇಲಾಗಿ 36 ಜೋಡಿಯಲ್ಲಿ 7 ಆರು ಸಲ ಬರುತ್ತೆ, 2 ಮತ್ತು 12 ಒಂದೊಂದೇ ಸಲ. ಏಳಕ್ಕೆ ಸಿ ಮೇಜರ್ ಇಟ್ಟವನಿಗೆ ಹಬ್ಬ.

ಚೀಟಿ ಎತ್ತು:
ಒಪ್ಪಿದೆ. ಹಾಗಾದ್ರೆ ಹೆಸರಿಗೆ ತಕ್ಕಂತೆ ಹನ್ನೆರಡು ಚೀಟಿ. ಎತ್ತಿದ್ದನ್ನ ಡಬ್ಬಿಗೆ ವಾಪಸ್ ಹಾಕಬೇಡಿ, ಹನ್ನೆರಡೂ ಖಾಲಿಯಾಗೋವರೆಗೆ. ದಿನಕ್ಕೆ ಎರಡರಂತೆ ಆರು ದಿನ. ತಡವರಿಸಿದ್ದಕ್ಕೆ ಚೀಟಿಯ ಮೂಲೆ ಮಡಚಿ, ಮಡಚಿದ್ದು ಮಾತ್ರ ಏಳನೇ ದಿನ. ರೀತಿಯ ದಾಳ ಹಾಗೇ ಇರಲಿ.

ಅದರಲ್ಲಿ 4ನೆಯದು ನಿಜಕ್ಕೂ ಕಷ್ಟ, ಮೊದಲೇ ಹೇಳಿಬಿಡ್ತೀನಿ. ಬಲಗೈ ಕೂಡಿಸಿ, ಎಡಗೈ ಬಿಡಿಬಿಡಿ ಅಂದ ತಕ್ಷಣ ನಾಲ್ಕೈದು ಸ್ವರದೊಳಗೆ ಎರಡೂ ಬಿಡಿಯಾಗಿಬಿಡುತ್ತವೆ. ಐದೇ ಸ್ವರ ತಗೊಳ್ಳಿ, ಸಿಯಿಂದ ಜಿ, ಹೆಬ್ಬೆರಳು ದಾಟೋದೇ ಬೇಡ. ಅಲ್ಲಿ ಕೂತ ಮೇಲೆ ಒಂದು ಆಕ್ಟೇವ್.

ಶ್ರುತಿಪೆಟ್ಟಿಗೆ:
ಸ್ಕೇಲ್ ಒಂಟಿಯಾಗಿ ಕೇಳೋದರಿಂದಲೇ ಒಣಗಿದ ಹಾಗಿರುತ್ತೆ. ಕೆಳಗೆ ಏನಾದರೂ ಇಡಿ. ಎಡಗೈಯಲ್ಲಿ ಕೆಳಗಿನ ಸಿ ಮತ್ತು ಜಿ ಒಟ್ಟಿಗೆ ಒತ್ತಿ ಹಿಡಿದು, ಬಲಗೈಯಲ್ಲಿ ತೀರಾ ನಿಧಾನವಾಗಿ ಏರಿ. ಎಫ್ ಮೇಲೆ ನಿಲ್ಲಿ, ಅದು ಇ ಕಡೆ ಇಳಿಯೋದಕ್ಕೆ ಎಳೆಯುತ್ತೆ. ಬಿ ಮೇಲೆ ನಿಲ್ಲಿ, ಅದು ಸಿ ಕಡೆ ಏರೋದಕ್ಕೆ ತವಕಪಡುತ್ತೆ. ಕರ್ನಾಟಕ ಸಂಗೀತ ಕೇಳಿದ ಕಿವಿಗೆ ಇದು ಶಂಕರಾಭರಣದ ಸ್ವರಗಳು ಅಂತ ಆಗಲೇ ಗೊತ್ತಾಗಿರುತ್ತೆ. ಹಾರ್ಮೋನಿಕ್ ಮೈನರ್ ಹಿಡಿದರೆ ಕೀರವಾಣಿಯ ಸ್ವರಗಳು. ಗಮಕ ಪಿಯಾನೊದಲ್ಲಿ ಹುಡುಕಬೇಡಿ, ಸ್ವರಸ್ಥಾನ ಗುರುತಿಸೋದಕ್ಕೆ ಅಷ್ಟು ಸಾಕು.

ಅದು ಹಿಡಿಸಿದ ಮೇಲೆ ಸ್ವರಮೇಳ ಸೇರಿಸಿ. ನಾಲ್ಕು ಬೀಟಿನ ಬಾರ್, ಬೀಟಿಗೊಂದು ಸ್ವರ.
ಮೊದಲ ಬಾರ್: ಎಡಗೈ ಸಿ-ಇ-ಜಿ, ಬಲಗೈ ಸಿ ಡಿ ಇ ಎಫ್.
ಎರಡನೆಯದು: ಎಡಗೈ ಜಿ-ಬಿ-ಡಿ, ಬಲಗೈ ಜಿ ಎ ಬಿ ಸಿ.
ಮೂರನೆಯದು: ಎಡಗೈ ಎಫ್-ಎ-ಸಿ, ಬಲಗೈ ಮೇಲಿನ ಸಿ ಇನ್ನೊಮ್ಮೆ, ಆಮೇಲೆ ಬಿ ಎ ಜಿ.
ನಾಲ್ಕನೆಯದು: ಎಡಗೈ ಮತ್ತೆ ಜಿ-ಬಿ-ಡಿ, ಬಲಗೈ ಎಫ್ ಇ ಡಿ, ನಾಲ್ಕನೇ ಬೀಟ್ ಖಾಲಿ.
ಆಮೇಲೆ ಸಿ-ಇ-ಜಿ ಜೊತೆ ಸಿಗೆ ಬಂದು ನಿಲ್ಲಿ.
ಆ ಖಾಲಿ ಬೀಟನ್ನ ತುಂಬಬೇಡಿ, ರುಚಿ ಇರೋದೇ ಅಲ್ಲಿ. ಕೀಬೋರ್ಡಿನಲ್ಲಿ ರಿದಮ್ ಬಟನ್ ಇದ್ದರೆ ಹಾಕಿಕೊಂಡು ಇದೇ ನಾಲ್ಕು ಬಾರನ್ನ ಸುತ್ತಿಸುತ್ತಾ ಇರಬಹುದು.

ಒಂದು ಎಚ್ಚರಿಕೆ: ಸಸ್ಟೇನ್ ಪೆಡಲ್ (ಬೆರಳೆತ್ತಿದರೂ ಸ್ವರ ಮೊಳಗುತ್ತಲೇ ಇರುವಂತೆ ಮಾಡೋದು) ಬೇಡ. ಪೆಡಲ್ ಒತ್ತಿದರೆ ಎಲ್ಲವೂ ಚೆನ್ನಾಗಿಯೇ ಕೇಳುತ್ತೆ, ಏರುಪೇರೆಲ್ಲ ಅದರಡಿ ಮುಚ್ಚಿಹೋಗುತ್ತೆ.

ಮಂದ್ರ_ತಾರ:
ಪೆಡಲ್ ವಿಷಯಕ್ಕೆ ಪೂರ್ತಿ ಸಹಮತ. ಮುಚ್ಚಿಹೋದದ್ದನ್ನ ಹೊರಗೆ ತರೋದಕ್ಕೆ ಫೋನಿನಲ್ಲಿ ರೆಕಾರ್ಡ್ ಮಾಡಿ, ಅರ್ಧ ವೇಗದಲ್ಲಿ ಕೇಳಿ. ಎರಡು ಕೈ ನಡುವಿನ ಸಂದು ಆಗ ಸಾಫ್ ಕಾಣುತ್ತೆ. ಡಿಜಿಟಲ್ ಪಿಯಾನೊವನ್ನ ಕಂಪ್ಯೂಟರಿಗೆ ಜೋಡಿಸಿ ಮಿಡಿ ರೆಕಾರ್ಡ್ ಮಾಡಿದರೆ ಪ್ರತಿ ಸ್ವರದ ಬಲ 1ರಿಂದ 127ರವರೆಗಿನ ಅಂಕಿಯಾಗಿ ಸಿಗುತ್ತೆ. ಹೆಬ್ಬೆರಳು 85, ಪಕ್ಕದ್ದು 60 ಅಂತ ಎದುರಿಗೆ ಬಂದರೆ ವಾದಿಸೋದಕ್ಕೆ ಏನೂ ಉಳಿಯೋದಿಲ್ಲ. ಆ ಅಂತರವನ್ನ ಹತ್ತರೊಳಗೆ ತರೋದೇ ಒಂದು ವಾರದ ಆಟ.

ಕಪ್ಪು ಐದು:
ಉದ್ದ-ಗಿಡ್ಡ ನಡೆ ಯಾರೂ ಹೇಳಲಿಲ್ಲ. ಒಂದು ಸ್ವರ ಉದ್ದ, ಮುಂದಿನದು ಗಿಡ್ಡ. ಆಮೇಲೆ ತಿರುಗಿಸಿ ಗಿಡ್ಡ-ಉದ್ದ. ಎರಡನ್ನೂ ಮಾಡಲೇಬೇಕು. ಉದ್ದ-ಗಿಡ್ಡ ಒಂದೇ ಮಾಡಿದರೆ ಡಿಯಿಂದ ಇ, ಎಫ್‌ನಿಂದ ಜಿ, ಹೀಗೆ ಅರ್ಧ ಜೋಡಿಗಳಿಗೆ ಮಾತ್ರ ವೇಗ ಸಿಗುತ್ತೆ, ಉಳಿದ ಅರ್ಧಕ್ಕೆ ಇಲ್ಲ. ಉದ್ದದ ಸ್ವರದ ಮೇಲೆ ಕೈ ಸಡಿಲ ಬಿಡೋದೇ ಇದರ ಗುಟ್ಟು. ಬಿಗಿಯಾಗಿ ಕಾಯ್ತಾ ಕೂತರೆ ಬಿಗಿತವನ್ನೇ ಅಭ್ಯಾಸ ಮಾಡಿದ ಹಾಗೆ.

ಬಿಳಿಕೀ:
61 ಕೀ ಇರೋ ಕೀಬೋರ್ಡಿನಲ್ಲಿ ಆ ನಾಲ್ಕು ಆಕ್ಟೇವ್ ಮೆಟ್ಟಿಲು ಆಗುತ್ತಾ?

ಲಯದ ಹುಳು:
ಎರಡೂ ಕೈ ಒಂದು ಆಕ್ಟೇವ್ ಅಂತರದಲ್ಲಿ ಅಂದ್ರೆ ಒಟ್ಟು ಐದು ಆಕ್ಟೇವ್ ಜಾಗ ಬೇಕು. 61 ಕೀ ಅಂದ್ರೆ ಸಿಯಿಂದ ಸಿವರೆಗೆ ಸರಿಯಾಗಿ ಐದು. ಹಾಗಾಗಿ ಸಿ ಮೇಜರಿಗೆ, ಸಿ ಮೈನರಿಗೆ ಅಂಚಿಗೆ ಅಂಚು ಹೊಂದುತ್ತೆ, ಬೇರೆ ಯಾವುದಕ್ಕೂ ಇಲ್ಲ. ಉಳಿದವಕ್ಕೆ ಮೂರು ಆಕ್ಟೇವಿಗೆ ನಿಲ್ಲಿಸಿ, ಇಲ್ಲವೇ ನಾಲ್ಕರದ್ದನ್ನ ಒಂದೊಂದೇ ಕೈಯಲ್ಲಿ ಮಾಡಿ. 49 ಕೀ ಇದ್ದರೆ ಎರಡು ಕೈಗೆ ಎರಡು ಆಕ್ಟೇವ್.

ಎಡಗೈ ಮೊದಲು:
ಮುಂಗೈ ಹೊರಮೈಯಲ್ಲಿ ಉರಿ ಶುರುವಾದರೆ ಆ ದಿನಕ್ಕೆ ಮುಗಿಸಿ. "ಇನ್ನೊಂದೇ ಸಲ" ಬೇಡ. ಹೆಚ್ಚಿನ ಸಲ ಸ್ಟೂಲ್ ತಗ್ಗಾಗಿರುತ್ತೆ. ಮೊಣಕೈ ಕೀ ಮಟ್ಟಕ್ಕೆ ಅಥವಾ ಕೂದಲಷ್ಟು ಮೇಲಿರಬೇಕು.

ಮಂದ್ರ_ತಾರ:
ಒಂದು ಮಾತು ಬಿಟ್ಟುಹೋಯ್ತು. ಕೃತಿಗಳಲ್ಲಿ ಸ್ಕೇಲ್ ಯಾವಾಗಲೂ ಸಾ ದಿಂದಲೇ ಶುರುವಾಗೋದಿಲ್ಲ. ಮೊಜಾರ್ಟ್ 1788ರಲ್ಲಿ ಬರೆದ ಸಿ ಮೇಜರ್ ಸೊನಾಟದ (ಕೆ. 545) ಮೊದಲ ಭಾಗದಲ್ಲಿ ಐದನೇ ಬಾರಿನಿಂದ ನೋಡಿ: ಎಲ್ಲವೂ ಸಿ ಮೇಜರಿನ ಸ್ವರಗಳೇ, ಆದರೆ ಓಟ ಒಮ್ಮೆ ಎಯಿಂದ, ಮುಂದಿನ ಬಾರಿನಲ್ಲಿ ಜಿಯಿಂದ, ಆಮೇಲೆ ಎಫ್, ಇ, ಹೀಗೆ ಒಂದೊಂದು ಮೆಟ್ಟಿಲು ಕೆಳಗಿನಿಂದ. ಸಿಯಿಂದ ಸಿವರೆಗೆ ಮಾತ್ರ ಗೊತ್ತಿರೋ ಕೈ ಇಲ್ಲಿ ಕಂಗಾಲು. ಆದ್ದರಿಂದ ಚೀಟಿ ಎತ್ತಿದ ಮೇಲೆ 1ರಿಂದ 7ರೊಳಗೆ ಒಂದು ಅಂಕಿ ಹೇಳಿ, ಆ ಸ್ವರದಿಂದ ಆ ಸ್ವರದವರೆಗೆ ಅದೇ ಸ್ಕೇಲ್ ನುಡಿಸಿ. ಹೆಬ್ಬೆರಳು ಬೀಳೋ ಕೀ ಬದಲಾಯಿಸಬೇಡಿ. ಹೊರಡೋ ಬೆರಳು ಮಾತ್ರ ಬೇರೆ.

ಬಿಳಿಕೀ:
ಕೊನೇ ಅನುಮಾನ. ಎಫ್ ಮೇಜರ್ ಬಲಗೈ ಮಾತ್ರ ಯಾಕೆ ಪದೇ ಪದೇ ಕೈಕೊಡುತ್ತೆ? ಸಿ, ಜಿ, ಡಿ ಚೆನ್ನಾಗೇ ಇರುತ್ತವೆ.

ಕಪ್ಪು ಐದು:
ಅವು ಚೆನ್ನಾಗಿರೋದರಿಂದಲೇ. ಆ ಮೂರರಲ್ಲೂ ಮೂರನೇ ಬೆರಳಾದ ಮೇಲೆ ಹೆಬ್ಬೆರಳು, ಕೈಗೆ ಅದೇ ಚಾಳಿ ಬಿದ್ದಿರುತ್ತೆ. ಎಫ್ ಮೇಜರಿನಲ್ಲಿ ಹಾಗೆ ಮಾಡಿದರೆ ಹೆಬ್ಬೆರಳು ಬಿ ಫ್ಲ್ಯಾಟ್ ಅನ್ನೋ ಕಪ್ಪು ಕೀ ಮೇಲೆ ಹತ್ತಬೇಕಾಗುತ್ತೆ. ಅಲ್ಲಿ 1-2-3-4, ಆಮೇಲೆ ಹೆಬ್ಬೆರಳು ಸಿ ಮೇಲೆ, 1-2-3, ತುದಿಯ ಎಫ್‌ಗೆ 4. ಕಿರುಬೆರಳಿಗೆ ಈ ಸ್ಕೇಲಿನಲ್ಲಿ ಬಲಗೈ ಕಡೆ ಕೆಲಸವೇ ಇಲ್ಲ. ಎಡಗೈ ಸಿ ಮೇಜರಿನ ಹಾಗೇ. ಎರಡೂ ಸೇರಿಸಿದಾಗ ಸಿ ಮೇಲೆ ಎರಡು ಹೆಬ್ಬೆರಳೂ ಜೊತೆಗೇ ಬೀಳಬೇಕು, ನಡುವಿನ ಎಫ್ ಮೇಲೂ ಹಾಗೇ. ಸಿ ಮೇಲೆ ಬೀಳಲಿಲ್ಲ ಅಂದ್ರೆ ಬಿ ಫ್ಲ್ಯಾಟ್ ಮೇಲೆ ಯಾವ ಬೆರಳಿತ್ತು ಅಂತ ಹಿಂದೆ ತಿರುಗಿ ನೋಡಿ.